ಗಂಟೆಗೆ ‘ದೇ’ ಕಿಲೋಮೀಟರ್

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಬೀದಿದೀಪ ಇನ್ನೂ ಆರಿಲ್ಲ. ಸೈಕಲ್ ನಿಲ್ಲಿಸುವ ಚಾವಣಿಯ ಹಿಂದೆ, ಹಸಿರು ಬಾಗಿಲಿನ ಬೀಗಕ್ಕೆ ಕೀಲಿ ಸಿಕ್ಕಿಸಿ, ಮೊಣಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಾರೆ. ಹಾಗೆ ಒತ್ತದಿದ್ದರೆ ಆ ಬೀಗ ಮಾತು ಕೇಳುವುದಿಲ್ಲ. ಎಡಗೈಯಲ್ಲಿ ಟಿಫಿನ್ ಡಬ್ಬಿ, ಕಂಕುಳಲ್ಲಿ ರಟ್ಟಿನ ಹೊದಿಕೆಯ ನೋಟ್‌ಬುಕ್ಕು. ಬಾಗಿಲು ತೆರೆದದ್ದೇ ತಡ, ಚಪ್ಪಲಿ ಒಂದು ಅತ್ತ ಒಂದು ಇತ್ತ ಬಿಟ್ಟು, ಕತ್ತಲಲ್ಲೇ ನಡೆದು ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ದೀಪ ಹಾಕುವುದು ಆಮೇಲೆ.

“ಬೇರೆ ದಿನ ದೀಪ ಮೊದಲು. ಪರೀಕ್ಷೆ ದಿನ ಇದೇ ಮೊದಲು. ಇದು ಕಣ್ಣು ಬಿಟ್ರೆ ನನ್ನ ಉಸಿರು ಸಲೀಸಾಗುತ್ತೆ.”

ಇವತ್ತು ಪೆಟ್ಟಿಗೆ ಕಣ್ಣು ಬಿಡುತ್ತದೆ. ಉಸಿರು ಮಾತ್ರ ಸಲೀಸಾಗುವುದಿಲ್ಲ. ಪರದೆಯ ಮೇಲಿರುವ ಆರು ಚುಕ್ಕಿಗಳ ಚಿತ್ರವನ್ನು ಅವರು ಒತ್ತುತ್ತಾರೆ. ಏನೂ ಆಗುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಬೂದು ಬಣ್ಣದ ಸಣ್ಣ ಚೌಕವೊಂದು ಮೂಡಿ, ಈ ಪ್ರೋಗ್ರಾಮಿಗೆ ಬೇಕಾದ ಪ್ಯಾಕೇಜಿನ, ಎಂದರೆ ಅದಕ್ಕೆ ನೆರವಾಗುವ ಕಡತಗಳ ಕಂತೆಯ, ಮೂರನೇ ಆವೃತ್ತಿ ಕಾಣುತ್ತಿಲ್ಲ, ಇರುವುದು ನಾಲ್ಕನೆಯದು ಎಂದು ತಿಳಿಸಿ ಸುಮ್ಮನಾಗುತ್ತದೆ. ಟಿಫಿನ್ ಡಬ್ಬಿ ಇನ್ನೂ ಅವರ ಕೈಯಲ್ಲೇ ಇದೆ. ಅದನ್ನು ಕೆಳಗಿಡಬೇಕೆಂದು ಅವರಿಗೆ ಹೊಳೆಯುವುದು ಹತ್ತು ನಿಮಿಷದ ನಂತರ.

ಇದು ಬ್ರೈಲ್ ಪ್ರೆಸ್ಸು. ಕಣ್ಣು ಕಾಣದವರು ಬೆರಳಿನಿಂದ ಓದುವ ಪುಸ್ತಕಗಳು ಇಲ್ಲಿ ಅಚ್ಚಾಗುತ್ತವೆ. ಪ್ರೆಸ್ಸು ಎಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳಬಾರದು. ಇರುವುದು ಎರಡೇ ಕೋಣೆ. ಮೊದಲನೆಯದರಲ್ಲಿ ದಪ್ಪ ಕಾಗದದ ಕಟ್ಟುಗಳು ಸೂರಿನವರೆಗೆ ಏರಿವೆ. ಎರಡನೆಯದರಲ್ಲಿ ಕಬ್ಬಿಣದ ಮೇಜು, ಅದರ ಮೇಲೆ ಒಂಬತ್ತು ವರ್ಷದ ಡೆಸ್ಕ್‌ಟಾಪ್ ಕಂಪ್ಯೂಟರ್, ಪಕ್ಕದಲ್ಲಿ ಸ್ಪಂಜು ಹೊದಿಸಿದ ಮರದ ಪೆಟ್ಟಿಗೆಯೊಳಗೆ ಕಾಗದದ ಮೇಲೆ ಚುಕ್ಕಿ ಎಬ್ಬಿಸುವ ಯಂತ್ರ. ಬರೆದದ್ದನ್ನು ಚುಕ್ಕಿಗಳ ಲಿಪಿಗೆ ತಿರುಗಿಸುವ ಪ್ರೋಗ್ರಾಂ ಆ ಕಂಪ್ಯೂಟರಿನೊಳಗಿದೆ. ಅದನ್ನು ಬರೆದವರು ಬರೆದು ಕೈತೊಳೆದುಕೊಂಡು ಬಹಳ ವರ್ಷವಾಯಿತು. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಸಾಕಿಕೊಂಡು ಬಂದಿರುವವರು ಈ ಆಪರೇಟರ್. ಅವರು ಮುದ್ರಿಸಿದ ಪುಸ್ತಕ ಓದಿ ಬೆಳೆದ ಮಕ್ಕಳಿಗೆ ಅವರು ಚುಕ್ಕಿ ಅಕ್ಕ. ಈಗ ಆ ಮಕ್ಕಳ ತಮ್ಮ ತಂಗಿಯರೂ ಹಾಗೆಯೇ ಕರೆಯುತ್ತಾರೆ.

ಇವತ್ತು ಹನ್ನೊಂದು ಗಂಟೆಗೆ ಹತ್ತನೇ ತರಗತಿಯ ಗಣಿತ ಪರೀಕ್ಷೆ. ಆರು ಕೇಂದ್ರಗಳಲ್ಲಿ ನಲವತ್ತಮೂರು ಮಕ್ಕಳು ಬ್ರೈಲ್ ಪ್ರಶ್ನೆಪತ್ರಿಕೆಗಾಗಿ ಕಾಯುತ್ತಾರೆ. ಆರೂವರೆಗೆ ಅಧಿಕಾರಿಯೊಬ್ಬರು ಮೊಹರು ಹಾಕಿದ ಲಕೋಟೆಯಲ್ಲಿ ಪತ್ರಿಕೆಯಿರುವ ಪೆನ್‌ಡ್ರೈವ್ ತರುತ್ತಾರೆ. ಒಂಬತ್ತೂವರೆಗೆ ಮುದ್ರಿತ ಪ್ರತಿಗಳು ವ್ಯಾನು ಹತ್ತಬೇಕು. ಒಂದು ಪ್ರತಿಗೆ ಹದಿನಾಲ್ಕು ಪುಟ. ಒಟ್ಟು ಆರುನೂರ ಎರಡು. ಯಂತ್ರ ನಿಮಿಷಕ್ಕೆ ಆರು ಪುಟ ಹೊರಹಾಕುತ್ತದೆ. ಹಾಗಾಗಿ ಏಳೂಮುಕ್ಕಾಲಿಗೆ ಮುದ್ರಣ ಶುರುವಾಗಲೇಬೇಕು. ಆಗದಿದ್ದರೆ ಮಕ್ಕಳಿಗೆ ಪತ್ರಿಕೆ ಇಲ್ಲ. ಪಕ್ಕದಲ್ಲಿ ಕೂತ ಯಾರೋ ಒಬ್ಬರು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ನಾಲ್ಕು ವರ್ಷದ ಹಿಂದೆ ಕರೆಂಟು ಕೈಕೊಟ್ಟು ಹಾಗೊಮ್ಮೆ ಆಗಿತ್ತು.

ಹಾಗಾದರೆ ಏನು ತೊಂದರೆ ಎಂದು ಪ್ರೆಸ್ಸಿನ ಪ್ರೂಫ್ ಮೇಷ್ಟ್ರನ್ನು ಕೇಳಬೇಕು. ಹುಟ್ಟಿನಿಂದ ಕಣ್ಣಿಲ್ಲದ ಅವರು ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತಿಯ ನಂತರ ಇಲ್ಲಿ ಎಡಗೈ ತೋರುಬೆರಳಿನಿಂದ ತಪ್ಪು ಹಿಡಿಯುತ್ತಾರೆ. “ಗಣಿತದ ಲೆಕ್ಕನ ಒಂದು ಸಲ ಕೇಳಿದ್ರೆ ಯಾರಿಗೆ ಅರ್ಥವಾಗುತ್ತೆ? ನಿಮಗಾಗುತ್ತಾ? ಎರಡನೇ ಸಲ ಓದಿ ಅಂತ ಕೇಳಬಹುದು, ಮೂರನೇ ಸಲಾನೂ ಕೇಳಬಹುದು. ಐದನೇ ಸಲ ಕೇಳಕ್ಕೆ ನಾಚಿಕೆ. ಅರ್ಥವಾಯ್ತು ಅಂತ ಸುಳ್ಳು ಹೇಳಿ ಮುಂದಕ್ಕೆ ಹೋಗ್ತಾರೆ ಮಕ್ಕಳು. ಬೆರಳಿಗೆ ಆ ನಾಚಿಕೆ ಇಲ್ಲ ನೋಡಿ.”

ಆ ವರ್ಷ ಗಣಿತದಲ್ಲಿ ಹನ್ನೆರಡು ಮಕ್ಕಳು ನಪಾಸಾದರು. ಚುಕ್ಕಿ ಅಕ್ಕ ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂಬದಿಯ ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದಾರೆ.

ಬೂದು ಚೌಕದ ಮುಂದೆ ಕೂತ ಅವರಿಗೆ ನಿನ್ನೆ ಸಂಜೆ ನಾಲ್ಕು ಗಂಟೆ ನೆನಪಾಗುತ್ತದೆ. ಆಫೀಸಿನ ಪತ್ರಗಳಿಗೆಂದು ಬಂದಿದ್ದ ಹೊಸ ಪ್ರಿಂಟರನ್ನು ಜೋಡಿಸಲು ಸರ್ವೀಸಿನವನೊಬ್ಬ ಬಂದಿದ್ದ. ಅವನು ಕಂಪ್ಯೂಟರಿನ ಮುಂದೆ ಕೂತಿದ್ದ, ಇವರು ಕಿಟಕಿಯ ಬಳಿ ಫೋನು ಹಿಡಿದು ನಿಂತಿದ್ದರು. ಆ ಕಡೆಯಿಂದ ಅತ್ತೆ. ಮೋಡ ಕವಿಯುತ್ತಿದೆ, ಹಗ್ಗದ ಮೇಲಿನ ಬಟ್ಟೆ ತೆಗೆದುಬಿಡಲೇ ಎಂದು ಅವರು ಕೇಳುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಕಂಪ್ಯೂಟರ್ ಸರ್ವೀಸಿನವನನ್ನು ಏನೋ ಕೇಳಿತು, ಅವನು ತಲೆಯೆತ್ತದೆ ಇವರನ್ನು ಕೇಳಿದ.

“ಮೇಡಂ, ಹಳೇದೆಲ್ಲ ತೆಗೆದ್ಬಿಡ್ಲಾ?”

“ಹೂಂ, ತೆಗೆದ್ಬಿಡಿ,” ಎಂದರು ಇವರು, ಅತ್ತೆಗೆ.

ಮನೆಯಲ್ಲಿ ಬಟ್ಟೆ ನೆನೆಯಲಿಲ್ಲ. ಇಲ್ಲಿ ನೂರಾರು ಹಳೆಯ ಪ್ಯಾಕೇಜುಗಳು ಹೋಗಿ ಅವುಗಳ ಜಾಗಕ್ಕೆ ಹೊಸವು ಬಂದು ಕೂತವು. ಪ್ರಿಂಟರ್ ಚೆನ್ನಾಗಿ ಕೆಲಸ ಮಾಡಿತು. ಸರ್ವೀಸಿನವನು ಸಹಿ ಹಾಕಿಸಿಕೊಂಡು ಹೋದ. ಇವರು ಸಮಾಧಾನದಿಂದ ಬಾಗಿಲು ಹಾಕಿಕೊಂಡು ಮನೆಗೆ ಹೋದರು.

ಒಂದು ಪ್ರೋಗ್ರಾಂ ಇನ್ನೊಂದನ್ನು ನೆಚ್ಚಿಕೊಂಡಿರುವುದಕ್ಕೆ ಕಂಪ್ಯೂಟರಿನವರು ಡಿಪೆಂಡೆನ್ಸಿ ಎನ್ನುತ್ತಾರೆ. ಚುಕ್ಕಿ ಅಕ್ಕ ಅದನ್ನು ವಿವರಿಸುವ ರೀತಿಯೇ ಬೇರೆ. “ನಮ್ಮ ಪ್ರೋಗ್ರಾಂ ಒಬ್ಬ ಮುದುಕ ಅಂದ್ಕೊಳ್ಳಿ. ಅವನಿಗೆ ಅವನ ಹಳೇ ಕನ್ನಡಕಾನೇ ಬೇಕು. ಹೊಸದು ತಂದು, ಇದು ಅದಕ್ಕಿಂತ ಚೆನ್ನಾಗಿದೆ ಹಾಕ್ಕೋ ತಾತ ಅಂದ್ರೆ, ನಂಗೇನೂ ಕಾಣಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿಬಿಡ್ತಾನೆ. ತಪ್ಪು ಅವನದೂ ಅಲ್ಲ, ಕನ್ನಡಕದ್ದೂ ಅಲ್ಲ.” ಮಾತು ಮುಗಿಯುವ ಮೊದಲೇ ಮೇಷ್ಟ್ರು ಪಕ್ಕದಿಂದ, “ಕಾಣದಿದ್ರೆ ಏನೀಗ? ನಾನು ಎಪ್ಪತ್ತು ವರ್ಷ ಓಡಾಡ್ಲಿಲ್ವಾ?” ಎಂದು ಸೇರಿಸುತ್ತಾರೆ.

ಹಳೆಯ ಕನ್ನಡಕವನ್ನು ವಾಪಸ್ ತರುವುದೇ ಮೊದಲ ಯೋಚನೆ. ಪರದೆಯ ಮೇಲೆ ಆಜ್ಞೆ ಕೊಡುವ ಕಪ್ಪು ಕಿಟಕಿಯೊಂದನ್ನು ತೆರೆದು, ನೋಟ್‌ಬುಕ್ಕು ನೋಡಿಕೊಂಡು, ಅಕ್ಷರಕ್ಕೆ ಅಕ್ಷರ ಹೊಂದಿಸಿ ಆಜ್ಞೆ ಬರೆಯುತ್ತಾರೆ. ಆಗಬಹುದು, ಆದರೆ ಮೂರನೆಯದನ್ನು ಹಾಕಬೇಕಾದರೆ ಈ ಕೆಳಗಿನವನ್ನು ತೆಗೆಯಬೇಕಾಗುತ್ತದೆ ಎಂದು ಕಂಪ್ಯೂಟರ್ ಒಂದು ಪಟ್ಟಿ ಮುಂದಿಡುತ್ತದೆ. ಪಟ್ಟಿ ಪರದೆ ತುಂಬಿ, ಉರುಳಿ, ಮತ್ತೆ ತುಂಬುತ್ತದೆ. ನೂರ ಹನ್ನೆರಡು ಹೆಸರು. ಚುಕ್ಕಿ ಎಬ್ಬಿಸುವ ಯಂತ್ರವನ್ನು ನಡೆಸುವ ಪ್ಯಾಕೇಜೂ ಅದರಲ್ಲಿದೆ. ಕೊನೆಯಲ್ಲಿ ಅದೇ ಪ್ರಶ್ನೆ: ಮುಂದುವರಿಯಲೇ?

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ವಾಕ್ಯವಿದೆ: ‘ತೆಗೆಯುವ ಪಟ್ಟಿ ಹತ್ತು ಸಾಲು ದಾಟಿದರೆ ಬೇಡ ಅನ್ನು.’ ಅವರು ಬೇಡ ಎನ್ನುತ್ತಾರೆ. ಬೇಡ ಎಂದದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ಪರದೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರುತ್ತಾರೆ.

ಆ ನೋಟ್‌ಬುಕ್ಕಿಗೆ ಹನ್ನೊಂದು ವರ್ಷ. ಚುಕ್ಕಿ ಅಕ್ಕ ಇಲ್ಲಿಗೆ ಬಂದದ್ದು ಪುಟ ಹೊಲಿಯುವ ಕೆಲಸಕ್ಕೆ. ದಪ್ಪ ಸೂಜಿ, ಮೇಣ ಹಚ್ಚಿದ ದಾರ, ದಿನಕ್ಕೆ ಇಪ್ಪತ್ತು ಪುಸ್ತಕ. ಆಗಿನ ಆಪರೇಟರ್ ಕೆಲಸ ಬಿಟ್ಟಾಗ, ಹೊಸಬರು ಬರುವ ತನಕ ನೋಡಿಕೊಳ್ಳಿ ಎಂದು ಮ್ಯಾನೇಜರ್ ಕೀಲಿ ಕೊಟ್ಟರು. ಹೊಸಬರು ಇನ್ನೂ ಬಂದಿಲ್ಲ. ಓದಿದ್ದು ಹತ್ತನೇ ತರಗತಿ, ಅದೂ ಗಣಿತದಲ್ಲಿ ಎರಡನೇ ಸಲಕ್ಕೆ ಪಾಸು. ಇಂಗ್ಲಿಷಿನಲ್ಲಿ ಬರುವ ಎಚ್ಚರಿಕೆಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಗೊತ್ತಿದ್ದವರನ್ನು ಕೇಳಿ, ಎದುರಿಗೆ ಅರ್ಥ ಬರೆದುಕೊಳ್ಳುತ್ತಾ ನೋಟ್‌ಬುಕ್ಕು ತುಂಬಿತು. ‘ಬ್ರೋಕನ್: ಒಳಗೆ ಯಾರೋ ಯಾರ ಜೊತೆಗೋ ಮಾತು ಬಿಟ್ಟಿದ್ದಾರೆ’ ಎಂದು ಒಂದು ಕಡೆ ಇದೆ.

ದಿನಕ್ಕೆ ಸಾವಿರ ಪುಟ ಹೊರಬೀಳುತ್ತದೆ. ಪುಟಕ್ಕೆ ಇಪ್ಪತ್ತೈದು ಸಾಲು. ವರ್ಷಕ್ಕೆ ಹದಿನಾರು ಪಠ್ಯಪುಸ್ತಕ. ಕಣ್ಣಿದ್ದವರ ಒಂದು ಪುಸ್ತಕ ಇಲ್ಲಿ ಐದು ಸಂಪುಟವಾಗುತ್ತದೆ. ಯಂತ್ರದ ಸದ್ದಿಗೆ ಬಲಗಿವಿ ಮಂದವಾಗಿದೆ. ಹತ್ತಿ ತುರುಕಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ಹತ್ತಿ ಇಟ್ಟರೆ ಯಂತ್ರದಲ್ಲಿ ಚುಕ್ಕಿ ಒತ್ತುವ ಸೂಜಿ ಮುರಿದ ಸದ್ದು ತಿಳಿಯುವುದಿಲ್ಲವೆಂದು ಇವರು ಇಡುವುದಿಲ್ಲ. ಅತ್ತೆಯ ದೂರು ಬೇರೆಯೇ ಇದೆ. “ಮನೆಗೆ ಬಂದ್ರೂ ಪ್ರೆಸ್ಸಿನ ಗಂಟಲು ಬಿಡಲ್ಲ. ಉಪ್ಪು ಕೊಡಿ ಅಂದ್ರೆ ಮೂರು ಮನೆಗೆ ಕೇಳ್ಸುತ್ತೆ. ಆ ಪೆಟ್ಟಿಗೆಗೆ ಜ್ವರ ಬಂದ್ರೆ ಇವಳಿಗೆ ಬೆವರು!”

ಐದೂಮುಕ್ಕಾಲು. ಚುಕ್ಕಿ ಅಕ್ಕ ಇಂಟರ್ನೆಟ್ಟಿನಲ್ಲಿ ಹುಡುಕುತ್ತಾರೆ. ಮೂರನೇ ಆವೃತ್ತಿಯನ್ನು ಇಟ್ಟಿದ್ದ ಜಾಗದಲ್ಲಿ, ಇದನ್ನು ಈಗ ಇಡುವುದಿಲ್ಲ ಎಂಬ ಒಂದು ಸಾಲಿದೆ. ಇನ್ನೊಂದು ಕಡೆ ಯಾರೋ ಇದೇ ತೊಂದರೆಯನ್ನು ಇದೇ ಮಾತುಗಳಲ್ಲಿ ನಾಲ್ಕು ವರ್ಷದ ಹಿಂದೆ ಬರೆದಿದ್ದಾರೆ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಕೆಳಗೆ ಅದೇ ವ್ಯಕ್ತಿಯ ಉತ್ತರ: ‘ಸರಿಹೋಯಿತು, ಎಲ್ಲರಿಗೂ ಧನ್ಯವಾದ.’ ಹೇಗೆ ಸರಿಹೋಯಿತು ಎಂಬುದಿಲ್ಲ. “ಆ ಪುಣ್ಯಾತ್ಮ ಎಲ್ಲಾದ್ರೂ ಸಿಕ್ಕಿದ್ರೆ ಎರಡು ಮಾತು ಕೇಳ್ತೀನಿ,” ಎನ್ನುವಾಗ ಅವರ ದನಿಯಲ್ಲಿ ನಗು ಇಲ್ಲ.

ಅತ್ತೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಎಸೆಯುವವರಲ್ಲ. ಬಾಗಿಲ ಹಿಂದೆ ಮಡಚಿ ತುರುಕಿಡುತ್ತಾರೆ. ಕಂಪ್ಯೂಟರಿಗೂ ಆ ಗುಣವಿದೆ. ಎಂದೋ ಇಳಿಸಿಕೊಂಡ ಪ್ಯಾಕೇಜುಗಳ ಕಂತೆಗಳನ್ನು ಒಂದು ಮೂಲೆಯಲ್ಲಿ ಹಾಗೇ ಬಿಟ್ಟುಕೊಂಡಿರುತ್ತದೆ. ಆರು ಗಂಟೆ ಐದು ನಿಮಿಷಕ್ಕೆ ಅವರು ಆ ಮೂಲೆಗೆ ಹೋಗುತ್ತಾರೆ. ಉದ್ದುದ್ದ ಹೆಸರುಗಳ ಸಾಲಿನ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದುತ್ತಾ ಇಳಿಯುತ್ತಾರೆ. ಇದೆ. ಮೂರನೆಯದು ಇದೆ.

ಆದರೆ ಹಾಕುವಂತಿಲ್ಲ. ಹಾಕಿದರೆ ಆ ನೂರ ಹನ್ನೆರಡು ಹೋಗುತ್ತವೆ. ಹಾಗಾಗಿ ಅವರು ಬಳಸುದಾರಿ ಹಿಡಿಯುತ್ತಾರೆ. ಕಂತೆಯನ್ನು ಕಂಪ್ಯೂಟರಿಗೆ ‘ಹಾಕದೆ’, ಬೇರೊಂದು ಫೋಲ್ಡರಿನಲ್ಲಿ ಸುಮ್ಮನೆ ಬಿಚ್ಚಿಡುತ್ತಾರೆ. ಆಮೇಲೆ ಎರಡು ಸಾಲಿನ ಸಣ್ಣ ಕಡತವೊಂದನ್ನು ಬರೆಯುತ್ತಾರೆ: ಪ್ರೋಗ್ರಾಂ ಎದ್ದ ಕೂಡಲೇ ಮೊದಲು ಆ ಫೋಲ್ಡರಿನಲ್ಲಿ ಹುಡುಕಲಿ, ಸಿಗದಿದ್ದರೆ ಮಾತ್ರ ಬೇರೆ ಕಡೆ ಹೋಗಲಿ. “ಮುದುಕನ ಕನ್ನಡಕನ ಬೇರೆ ಡ್ರಾಯರಿನಲ್ಲಿಟ್ಟು, ನಿಂದು ಇಲ್ಲಿದೆ ತಾತ ಅಂತ ಚೀಟಿ ಅಂಟಿಸಿದೆ, ಅಷ್ಟೇ. ಮನೇಲಿ ಉಳಿದವರು ಹೊಸದು ಹಾಕ್ಕೊಳ್ಳಲಿ, ನಂಗೇನು.”

ಮೊದಲ ಸಲ ಒಂದು ಅಕ್ಷರ ತಪ್ಪುತ್ತದೆ. ಎರಡನೇ ಸಲ ಒಂದು ಓರೆಗೆರೆ ತಪ್ಪುತ್ತದೆ. ಮೂರನೇ ಸಲಕ್ಕೆ, ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ, ಪ್ರೋಗ್ರಾಂ ತೆರೆದುಕೊಳ್ಳುತ್ತದೆ. ಪ್ರತಿ ಸಲ ಪರೀಕ್ಷಿಸಲು ಬಳಸುವ ವಾಕ್ಯವನ್ನೇ ಮುದ್ರಿಸುತ್ತಾರೆ: ‘ಎಲ್ಲರೂ ಬೇಗ ಬನ್ನಿ, ಬಾಗಿಲ ಹತ್ತಿರ ನಿಲ್ಲಬೇಡಿ.’ ಅದೇ ಆಗ ಕೋಲು ಊರಿಕೊಂಡು ಒಳಗೆ ಬಂದ ಮೇಷ್ಟ್ರು ಬೆರಳು ಆಡಿಸಿ, “ಬಂದಿದ್ದೀನಿ, ನಿಂತಿಲ್ಲ,” ಎನ್ನುತ್ತಾರೆ. ಅಕ್ಕನಿಗೆ ಆಗ ಚಪ್ಪಲಿ ನೆನಪಾಗುತ್ತದೆ. ಹೋಗಿ ಜೋಡಿಸಿಟ್ಟು ಬರುತ್ತಾರೆ.

ಅಧಿಕಾರಿ ಸರಿಯಾಗಿ ಆರೂವರೆಗೆ ಬರುತ್ತಾರೆ. ಕನ್ನಡಕದ ಮೇಲಿಂದ ನೋಡುವವರು, ಮಾತು ಕಡಿಮೆ. ನಿಯಮದಂತೆ ತಮ್ಮದೊಂದನ್ನು ಬಿಟ್ಟು ಎಲ್ಲರ ಫೋನುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಇಂಟರ್ನೆಟ್ಟಿನ ತಂತಿಯನ್ನು ಕೈಯಾರೆ ಕಿತ್ತು ಸುರುಳಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇನ್ನು ವ್ಯಾನು ಹೋಗುವ ತನಕ ಈ ಕೋಣೆ ಹೊರಗಿನ ಯಾರನ್ನೂ ಏನನ್ನೂ ಕೇಳುವಂತಿಲ್ಲ. ಇನ್ನೊಂದು ನಿಯಮವೂ ಇದೆ: ಆಪರೇಟರ್ ಪ್ರಶ್ನೆಗಳನ್ನು ಓದಬಾರದು. ಚುಕ್ಕಿಗಳನ್ನು ಕಣ್ಣಿನಿಂದ ಓದಬಲ್ಲ ಚುಕ್ಕಿ ಅಕ್ಕ, ಪೆನ್‌ಡ್ರೈವಿನಿಂದ ಮುದ್ರಿಸಿದ ಮೊದಲ ಪ್ರತಿಯ ಹದಿನಾಲ್ಕು ಪುಟಗಳನ್ನು ಬೋರಲಾಗಿಸಿ ಮೇಷ್ಟ್ರ ಕೈಗೆ ಕೊಡುತ್ತಾರೆ.

ಮೇಷ್ಟ್ರ ಬೆರಳು ಸರಸರ ಸರಿಯುತ್ತದೆ. ಒಂದು ನಿಮಿಷ. ಎರಡು. ಅಕ್ಕ ಆ ಬೆರಳನ್ನೇ ನೋಡುತ್ತಿದ್ದಾರೆ. ಬೆರಳು ನಿಲ್ಲುತ್ತದೆ. ಸಾಲಿನ ಆರಂಭಕ್ಕೆ ಹೋಗುತ್ತದೆ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

“ಅಮ್ಮಾ, ಗಂಟೆಗೆ ‘ದೇ’ ಕಿಲೋಮೀಟರ್ ಅಂತೆ.”

“ಏನು?”

“‘ದೇ’. ರೈಲು ‘ದೇ’ ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ.”

“ಮೇಷ್ಟ್ರೇ,” ಅಧಿಕಾರಿ ಗಂಟಲು ಸರಿಮಾಡಿಕೊಳ್ಳುತ್ತಾರೆ, “ಪ್ರಶ್ನೆನ ಹೊರಗೆ ಹೇಳೋ ಹಾಗಿಲ್ಲ.”

“ಪ್ರಶ್ನೆ ಎಲ್ಲಿದೆ ಸ್ವಾಮಿ ಹೇಳಕ್ಕೆ? ಬರೀ ‘ದೇ’ ಇದೆ! ಮೊದಲನೇ ಪ್ರಶ್ನೆಗೆ ‘ಅ’ ಅಂತಿತ್ತು, ಎರಡನೇದಕ್ಕೆ ‘ಬ’. ವಿಭಾಗ ಇರಬೇಕು ಅಂತ ಸುಮ್ಮನಿದ್ದೆ.”

ಏನಾಗಿದೆ ಎಂದು ಚುಕ್ಕಿ ಅಕ್ಕನಿಗೆ ಆ ಕ್ಷಣವೇ ತಿಳಿಯುತ್ತದೆ. ಬ್ರೈಲ್‌ನಲ್ಲಿ ಅಂಕಿಗಳಿಗೆ ಸ್ವಂತ ಚುಕ್ಕಿಗಳಿಲ್ಲ, ಅಕ್ಷರಗಳಿಂದಲೇ ಎರವಲು. ‘ಅ’ ಎಂಬುದಕ್ಕೆ ಮೊದಲು ಅಂಕಿ ಗುರುತು ಎಂಬ ಒಂದು ಚಿಹ್ನೆ ಬಂದರೆ ಅದು ಒಂದು; ‘ಬ’ ಎರಡು, ‘ಚ’ ಮೂರು, ‘ದ’ ನಾಲ್ಕು, ‘ಏ’ ಐದು. ಆ ಗುರುತು ಬಿದ್ದುಹೋದರೆ ನಾಲ್ಕೂ ಐದೂ ಅಂಟಿಕೊಂಡು, ನಲವತ್ತೈದು ಎಂಬುದು ‘ದೇ’ ಆಗುತ್ತದೆ. ಇಪ್ಪತ್ತೈದು ‘ಬೇ’ ಆಗುತ್ತದೆ. ಇಡೀ ಗಣಿತ ಪತ್ರಿಕೆಯಲ್ಲಿ ಒಂದಾದರೂ ಸಂಖ್ಯೆ ಉಳಿದಿಲ್ಲ. ಅವರ ಪರೀಕ್ಷಾ ವಾಕ್ಯದಲ್ಲಿ ಅಕ್ಷರಗಳಿದ್ದವು, ಒತ್ತಕ್ಷರಗಳಿದ್ದವು, ಅಂಕಿ ಒಂದೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅದೇ ವಾಕ್ಯ. “ಸಾಹಿತ್ಯದ ಪುಸ್ತಕಕ್ಕೆ ಸಾಕಾಗ್ತಿತ್ತು,” ಎನ್ನುತ್ತಾರೆ ಸಣ್ಣ ದನಿಯಲ್ಲಿ.

ಏಳು ಗಂಟೆಗೆ ಮೂರು ನಿಮಿಷವಿದೆ. ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂದು ಹೇಳುವ ಪಟ್ಟಿ ಇನ್ನೊಂದು ಪ್ಯಾಕೇಜಿನಲ್ಲಿದೆ. ನಿನ್ನೆ ಅದೂ ಹೊಸದಾಗಿದೆ. ಅದರ ಹಳೆಯ ಕಂತೆ ಮೂಲೆಯಲ್ಲಿಲ್ಲ. ಅವರು ಎರಡು ಸಲ ನೋಡುತ್ತಾರೆ. ಹೊಸ ಪಟ್ಟಿಯನ್ನೇ ತೆರೆಯುತ್ತಾರೆ. ಸಾವಿರಾರು ಸಾಲು. ಅಂಕಿಗಳಿಗೆ ಸಂಬಂಧಪಟ್ಟ ಸಾಲು ಇರಬೇಕಾದಲ್ಲಿ, ಅದನ್ನು ಬೇರೆ ಪ್ಯಾಕೇಜಿಗೆ ಸಾಗಿಸಲಾಗಿದೆ ಎಂಬ ಟಿಪ್ಪಣಿ ಇದೆ. ಆ ಬೇರೆ ಪ್ಯಾಕೇಜು ಈ ಕಂಪ್ಯೂಟರಿನಲ್ಲಿ ಇಲ್ಲ. ಅದನ್ನು ತರಿಸಿಕೊಳ್ಳುವ ತಂತಿ ಅಧಿಕಾರಿಯ ಚೀಲದಲ್ಲಿದೆ.

“ತಂತಿ ಒಂದೇ ಒಂದು ನಿಮಿಷ ಕೊಡ್ತೀರಾ ಸರ್?”

“ಆಗಲ್ಲಮ್ಮ. ನನ್ನ ಕೆಲಸ ಹೋಗುತ್ತೆ.” ಅವರ ದನಿಯಲ್ಲೂ ಕಾಳಜಿ ಇಲ್ಲದಿಲ್ಲ. ಕೈಗಡಿಯಾರ ನೋಡಿಕೊಳ್ಳುತ್ತಾರೆ. “ಕೇಂದ್ರಗಳಿಗೆ ಓದಿ ಹೇಳೋರನ್ನ ಹುಡುಕಬೇಕು ಅಂದ್ರೆ ನಾನು ಈಗಲೇ ತಿಳಿಸಬೇಕು. ಹೇಳಿಬಿಡ್ಲಾ?”

‘ಹೂಂ’ ಎಂಬುದು ಅಕ್ಕನ ಗಂಟಲಿನವರೆಗೆ ಬಂದದ್ದು ಮೇಷ್ಟ್ರಿಗೆ ಕೇಳಿಸಿತಂತೆ. ಬಾಯಿಂದ ಹೊರಬೀಳುವುದು ಬೇರೆ ಮಾತು.

“ಏಳೂಮುಕ್ಕಾಲಿನ ತನಕ ಯಾರಿಗೂ ಏನೂ ಹೇಳ್ಬೇಡಿ.”

ಇಲ್ಲದ ಸಾಲನ್ನು ತಾವೇ ಬರೆಯಬೇಕು. ಸಾಲು ಶುರುವಾಗುವ ಪದ ಅವರ ನೋಟ್‌ಬುಕ್ಕಿನಲ್ಲಿ ಎಲ್ಲೋ ಇದೆ. ಎಂಟು ವರ್ಷದ ಹಿಂದೆ ಪಟ್ಟಿಯಲ್ಲಿ ಬೇರೊಂದು ತಪ್ಪು ತಿದ್ದುವಾಗ ಆ ಪುಟವನ್ನು ಪೂರ್ತಿ ಬರೆದುಕೊಂಡಿದ್ದರು. ಪುಟಗಳನ್ನು ತಿರುವುತ್ತಾರೆ. ಬೆವರಿಗೆ ಪುಟ ಬೆರಳಿಗೆ ಅಂಟುತ್ತದೆ. ತಿರುವಿದ್ದನ್ನೇ ಮತ್ತೆ ತಿರುವುತ್ತಾರೆ. ಏಳು ಗಂಟೆ ಹನ್ನೊಂದಕ್ಕೆ ಪುಟ ಸಿಗುತ್ತದೆ. ಪದವಿದೆ. ಅದರ ಮುಂದೆ, ಆರರಲ್ಲಿ ಯಾವ ಚುಕ್ಕಿಗಳೆಂದು ಹೇಳುವ ಅಂಕಿಗಳ ಮೇಲೆ ಎಂದೋ ಚಹಾ ಚೆಲ್ಲಿ ಶಾಯಿ ಕದಡಿದೆ.

“ಮೇಷ್ಟ್ರೇ, ಅಂಕಿ ಗುರುತಿಗೆ ಯಾವ್ಯಾವ ಚುಕ್ಕಿ? ನಂಗೆ ಗೊತ್ತು, ಆದ್ರೆ ಈಗ ನನ್ನನ್ನ ನಾನೇ ನಂಬಲ್ಲ. ನೀವು ಹೇಳಿ.”

ಮೇಷ್ಟ್ರು ಮೇಜಿನ ಮೇಲೆ ನಾಲ್ಕು ಸಲ ತಟ್ಟುತ್ತಾರೆ, ಮಗ್ಗಿ ಹೇಳಿಕೊಡುವವರಂತೆ. “ಮೂರು. ನಾಲ್ಕು. ಐದು. ಆರು. ಆರು ವರ್ಷದವನಿದ್ದಾಗ ತಪ್ಪು ಹೇಳಿ ಬೈಸಿಕೊಂಡಿದ್ದೀನಿ. ಸತ್ತರೂ ಮರೆಯಲ್ಲ.”

ಒಂದು ಪದ, ನಾಲ್ಕು ಅಂಕಿ. ಬರೆದು ಉಳಿಸಿ, ಒಂದರಿಂದ ನೂರರವರೆಗೆ ಖಾಲಿ ಪುಟದಲ್ಲಿ ಮುದ್ರಿಸುತ್ತಾರೆ. ಅದನ್ನು ಓದಲು ಅವರಿಗೆ ನಿಷೇಧವಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪ್ರತಿ ಸಂಖ್ಯೆಗೂ ಮೊದಲು ಆ ನಾಲ್ಕು ಚುಕ್ಕಿಗಳ ನೆರಳು ಬೀಳುತ್ತದೆ. ಖುಷಿಯಾಗಬೇಕಿತ್ತು, ಆಗುವುದಿಲ್ಲ. ಒಂದು ಸಾಲನ್ನು ಸಾಗಿಸಿದವರು ಇನ್ನೇನೇನು ಸಾಗಿಸಿದ್ದಾರೋ. ಕೂಡುವ ಚಿಹ್ನೆ ಇದೆಯೋ, ಕಳೆಯುವುದಿದೆಯೋ, ದಶಮಾಂಶದ ಬಿಂದು ಇದೆಯೋ. ಪತ್ರಿಕೆಯನ್ನು ಮತ್ತೆ ಮುದ್ರಿಸಿ, ಬೋರಲಾಗಿಸಿ ಕೊಡುತ್ತಾರೆ. ಏಳು ಗಂಟೆ ಹದಿನೆಂಟು.

ಹದಿನಾಲ್ಕು ಪುಟಗಳನ್ನು ಬೆರಳು ಓದಿ ಮುಗಿಸುವವರೆಗೆ ಚುಕ್ಕಿ ಅಕ್ಕನಿಗೆ ಮಾಡಲು ಕೆಲಸವಿಲ್ಲ. ನಿಲ್ಲುತ್ತಾರೆ, ಕೂರುತ್ತಾರೆ. ಕಾಗದದ ಕಟ್ಟು ಬಿಚ್ಚಿ ಅಂಚು ಸಮ ಮಾಡುತ್ತಾರೆ. ಸಮವಾಗಿದ್ದದ್ದನ್ನು ಇನ್ನೊಮ್ಮೆ ಸಮ ಮಾಡುತ್ತಾರೆ. ಒಂಬತ್ತನೇ ಪುಟದಲ್ಲಿ ಬೆರಳು ಗಕ್ಕನೆ ನಿಂತಾಗ ಅವರು ಮೇಜಿನ ಅಂಚು ಹಿಡಿದುಕೊಳ್ಳುತ್ತಾರೆ.

“ಏನಾಯ್ತು ಮೇಷ್ಟ್ರೇ?”

“ಏನಿಲ್ಲ. ಈ ಲೆಕ್ಕ ನನಗೇ ಬರಲ್ಲ,” ಎಂದು ಮೇಷ್ಟ್ರು ಮುಂದಕ್ಕೆ ಹೋಗುತ್ತಾರೆ.

ಏಳು ಗಂಟೆ ನಲವತ್ತೆರಡಕ್ಕೆ ಕೊನೆಯ ಪುಟವನ್ನು ಮಗುಚಿ, “ಎಲ್ಲಾ ಇದೆ. ರೈಲು ಸರಿಯಾಗಿ ಹೋಗ್ತಿದೆ,” ಎನ್ನುತ್ತಾರೆ. ನಲವತ್ತನಾಲ್ಕಕ್ಕೆ ಯಂತ್ರ ಬಡಿಯಲು ಶುರುಮಾಡುತ್ತದೆ. ಆ ಸದ್ದಿನಲ್ಲಿ ಮಾತಾಡುವುದು ಸಾಧ್ಯವಿಲ್ಲ. ಅಕ್ಕ ಪ್ರತಿಗಳನ್ನು ಕತ್ತರಿಸಿ ಪಿನ್ನು ಹೊಡೆಯುತ್ತಾರೆ, ಮೇಷ್ಟ್ರು ಪ್ರತಿಯೊಂದರ ಪುಟಗಳನ್ನೂ ಎಣಿಸಿ, ಮೊದಲ ಸಾಲಿನ ಮೇಲೆ ಬೆರಳೆಳೆದು ಅಧಿಕಾರಿಯ ಕಡೆ ಚಾಚುತ್ತಾರೆ, ಅಧಿಕಾರಿ ಲಕೋಟೆಗೆ ಹಾಕಿ ಅರಗು ಒತ್ತುತ್ತಾರೆ. ಯಂತ್ರ ನಿಂತಾಗ ಒಂಬತ್ತು ಗಂಟೆ ಇಪ್ಪತ್ತಾರು. ವ್ಯಾನಿನ ಡ್ರೈವರ್ ಬಾಗಿಲಲ್ಲಿ, “ಯಾಕಕ್ಕಾ, ಇವತ್ತು ಚಹಾ ಇಲ್ವಾ?” ಎನ್ನುತ್ತಾನೆ. ಅಧಿಕಾರಿ ಅವನ ಕೈಗೆ ಲಕೋಟೆಗಳ ಕಟ್ಟು ಇಡುತ್ತಾರೆ.

ವ್ಯಾನು ತಿರುವು ದಾಟಿದ ಮೇಲೂ ಅವರ ಆತಂಕ ಇಳಿಯುವುದಿಲ್ಲ, ರೂಪ ಬದಲಿಸುತ್ತದೆ. ಮೇಷ್ಟ್ರ ಬೆರಳು ಒಂದು, ಅಲ್ಲಿನ ಮಕ್ಕಳ ಬೆರಳು ನಲವತ್ತಮೂರು. ಏನೋ ಒಂದು ತಪ್ಪಿಸಿಕೊಂಡಿದ್ದರೆ? ತಗಡಿನ ಪೆಟ್ಟಿಗೆಯಿಂದ ವಾಪಸ್ ಬಂದ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಡುತ್ತಾರೆ. “ನಮ್ಮ ಕೆಲಸದಲ್ಲಿ ಶಹಬ್ಬಾಸ್ ಅನ್ನಕ್ಕೆ ಯಾರೂ ಫೋನ್ ಮಾಡಲ್ಲ. ಫೋನ್ ಬಂತು ಅಂದ್ರೆ ತಪ್ಪಾಗಿದೆ ಅಂತಾನೇ. ಬರಲಿಲ್ಲ ಅಂದ್ರೆ ನಾನು ಗೆದ್ದೆ.” ಇಂಥದ್ದೇ ಇನ್ನೊಂದು ಕಂಪ್ಯೂಟರ್ ಪಕ್ಕದಲ್ಲಿ ಇರಬೇಕೆಂಬುದು ಅವರ ಬೇಡಿಕೆ. ಯಾರೂ ಮುಟ್ಟದ, ಯಾರೂ ಏನನ್ನೂ ಹೊಸದು ಮಾಡದ ಒಂದು. ಮೂರು ವರ್ಷದಿಂದ ಬರೆದು ಕೊಡುತ್ತಿದ್ದಾರೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ಇವತ್ತಿನದನ್ನು ಬರೆದುಕೊಳ್ಳುತ್ತಾರೆ. ಪರೀಕ್ಷಾ ವಾಕ್ಯವನ್ನು ಹೊಡೆದು ಹಾಕಿ ಹೊಸದನ್ನು ಬರೆಯುತ್ತಾರೆ: ‘ಎಲ್ಲರೂ 45 ನಿಮಿಷ ಮೊದಲೇ ಬನ್ನಿ.’

ಹನ್ನೊಂದು ಗಂಟೆ. ಹನ್ನೊಂದೂಕಾಲು. ಅವರು ಟಿಫಿನ್ ಡಬ್ಬಿ ತೆರೆದು, ನೋಡಿ, ಮುಚ್ಚುತ್ತಾರೆ. ಹನ್ನೆರಡಕ್ಕೆ ಫೋನು ಬಡಿದುಕೊಂಡಾಗ ಕುರ್ಚಿ ಹಿಂದಕ್ಕೆ ಬೀಳುತ್ತದೆ. ಅತ್ತೆ. ಊಟ ಮಾಡಿದೆಯಾ ಎಂದು ಕೇಳುತ್ತಿದ್ದಾರೆ. “ಆಮೇಲೆ ಮಾತಾಡ್ತೀನಿ ಅತ್ತೆ, ಇಡಿ, ಇಡಿ!” ಎಂದ ದನಿ ಸೈಕಲ್ ಚಾವಣಿಯವರೆಗೂ ಕೇಳಿಸುತ್ತದೆ.

ಎರಡು ಗಂಟೆ ಹತ್ತು ನಿಮಿಷಕ್ಕೆ ಮತ್ತೆ ಫೋನು. ಈ ಸಲ ಕೇಂದ್ರವೊಂದರ ಮೇಲ್ವಿಚಾರಕಿ. ಅಕ್ಕ ಎಡಗಿವಿಗೆ ಒತ್ತಿಹಿಡಿದು ನಿಲ್ಲುತ್ತಾರೆ; ಮೇಷ್ಟ್ರು ಕೋಲನ್ನು ಅಲುಗಿಸದೆ ಕೂತಿದ್ದಾರೆ. ಪರೀಕ್ಷೆ ಮುಗಿಯಿತು, ಒಬ್ಬ ಹುಡುಗ ಬಾರದೆ ಉಳಿದ ಪ್ರತಿ ವಾಪಸ್ ಕಳುಹಿಸುವುದು ಯಾರಿಗೆ ಎಂದು ಮೇಲ್ವಿಚಾರಕಿ ವಿಚಾರಿಸುತ್ತಾರೆ. ಅಕ್ಕ ವಿಳಾಸ ಹೇಳುತ್ತಾರೆ. ಆಮೇಲೆ, ಕೇಳಲೋ ಬೇಡವೋ ಎಂಬಂತೆ, ಮಕ್ಕಳು ಏನಾದರೂ ಅಂದರಾ ಎನ್ನುತ್ತಾರೆ.

“ಅಯ್ಯೋ, ಅಂದ್ರು ಕಣ್ರೀ,” ಆ ಕಡೆಯ ದನಿ ಹೊರಗೂ ಕೇಳಿಸುತ್ತದೆ. “ಆ ರೈಲಿನ ಲೆಕ್ಕ ಸಿಕ್ಕಾಪಟ್ಟೆ ಕಷ್ಟವಂತೆ. ಒಬ್ಬಳಂತೂ ಏಳೆಂಟು ಸಲ ಬೆರಳಾಡಿಸಿ ಓದಿದಳು, ಪತ್ರಿಕೆ ತೆಗೆದವರಿಗೆ ಕರುಣೆ ಇಲ್ಲ ಅಂತ ಬೈಕೊಂಡು ಹೋದಳು.”

ಚುಕ್ಕಿ ಅಕ್ಕ ಫೋನು ಕೆಳಗಿಟ್ಟು, ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂರುತ್ತಾರೆ. ಬೆಳಗ್ಗೆಯಿಂದ ಅವರ ಬೆನ್ನು ಕುರ್ಚಿಗೆ ತಾಗಿದ್ದು ಇದೇ ಮೊದಲು.

“ಏಳೆಂಟು ಸಲ ಓದಿದಳಂತೆ ಮೇಷ್ಟ್ರೇ,” ಎನ್ನುತ್ತಾರೆ. “ಕಷ್ಟ ಅಂದಳಂತೆ. ಹಾಗಾದ್ರೆ ಸರಿಯಾಗೇ ಬಂದಿದೆ.”